ರೇಟಮ್ಮನ ಅರವತ್ತೆರಡು ಸಾಮಾನು

ಪೇಟೆಯಲ್ಲಿ ನಮ್ಮ ಅತ್ತಿಗೆಯ ಹೆಸರು ರೇಟಮ್ಮ. ಅವಳು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಅಂಗಡಿಯವನು ಎದುರಿಗಿದ್ದ ಗಿರಾಕಿಯನ್ನು ಬಿಟ್ಟು, "ಬಂದ್ರಾ ರೇಟಮ್ಮ? ಕೇಳಿ, ಬೇಗ ಕೇಳಿ ಮುಗಿಸಿ" ಎನ್ನುತ್ತಾನೆ. ಅವಳು ಕೊಳ್ಳುವವಳಲ್ಲ, ಚೌಕಾಸಿ ಮಾಡುವವಳೂ ಅಲ್ಲ. ಬೆಲೆ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ, ಹೋಗುತ್ತಾಳೆ. ಇಷ್ಟಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದರೆ ನಮ್ಮ ಬೀದಿಯ ಅರ್ಧ ಜನ ಈಗಲೂ ನಂಬುವುದಿಲ್ಲ. ಉಳಿದ ಅರ್ಧ ಜನ ತಮ್ಮ ಮಗಳಿಗೂ ಅದೇ ಕೆಲಸ ಕೊಡಿಸು ಎಂದು ಅವಳ ಬೆನ್ನು ಬಿದ್ದಿದ್ದಾರೆ.

ನಾನು ಅವಳ ನಾದಿನಿ. ಮದುವೆಯ ಯೋಗ ನನಗೆ ಕೂಡಿಬರಲಿಲ್ಲ. ಬಂದಿದ್ದರೂ ಈ ನಾಲಿಗೆಯ ಜೊತೆ ಬಾಳುವ ಧೈರ್ಯ ಯಾವನಿಗಿತ್ತು? ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಚೀಲ ಹೊಲಿಯುತ್ತೇನೆ. ಅಣ್ಣ ಬಸ್ಸಿನ ಕಂಡಕ್ಟರು. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿ ಬರುವುದರಿಂದ ಮನೆಯಲ್ಲಿ ತುಟಿ ಬಿಚ್ಚುವುದಿಲ್ಲ. ಇನ್ನು ಅಮ್ಮ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದಿನಗೂಲಿಗೆ ಹಾಸಿಗೆ ಬಟ್ಟೆ ಒಗೆದವಳು. ಈಗ ಎಂಬತ್ತರ ಹತ್ತಿರ ಬಂದಿದ್ದಾಳೆ, ಆದರೂ ಇನ್ನೊಬ್ಬರ ಮುಂದೆ ಕೈ ಚಾಚಿದ್ದನ್ನು ನಾನು ಕಂಡಿಲ್ಲ.

ಅತ್ತಿಗೆ ಇರುವುದು ಪ್ರಾಂತ್ಯ ಸರ್ಕಾರದ ಅಂಕಿ ಅಂಶ ಕಚೇರಿಯಲ್ಲಿ. ಪ್ರತಿ ತಿಂಗಳೂ ಮೊದಲ ವಾರ ಪೇಟೆ ಸುತ್ತಿ ಅರವತ್ತೆರಡು ಸಾಮಾನುಗಳ ಬೆಲೆ ಬರೆದು ತರಬೇಕು. ಅದನ್ನು ಹೋದ ವರ್ಷದ ಬೆಲೆಯ ಜೊತೆ ಹೋಲಿಸಿ, ಬದುಕು ಎಷ್ಟು ತುಟ್ಟಿಯಾಯಿತು ಎಂದು ಮೇಲಿನವರು ಲೆಕ್ಕ ಹಾಕುತ್ತಾರೆ. ಬಜೆಟ್ಟಿನ ಹಿಂದಿನ ದಿನ ಸರ್ಕಾರ 'ಆರ್ಥಿಕ ಮುನ್ನೋಟ' ಎಂಬ ಇಟ್ಟಿಗೆ ಗಾತ್ರದ ಪುಸ್ತಕ ಹೊರಗೆ ತರುತ್ತದಲ್ಲ, ಅದರ ಮೊದಲ ಅಧ್ಯಾಯವೇ ಇದು. ಹೀಗೆ ಬೆಲೆ ಕೇಳಬೇಕಾದ ಪೇಟೆಗಳು ಪ್ರಾಂತ್ಯದಲ್ಲಿ ಐದು. ನಾಲ್ಕರಲ್ಲಿ ಹುದ್ದೆ ಖಾಲಿ ಬಿದ್ದು ವರ್ಷಗಳಾದವು. ಖಾಲಿ ಇರುವ ಕಡೆಗೆ ಪಕ್ಕದ ಪೇಟೆಯ ಬೆಲೆಯನ್ನೇ ಹಾಕಿಕೊಳ್ಳಬೇಕೆಂದು ನಿಯಮ. ಹಾಗಾಗಿ ಇಡೀ ಪ್ರಾಂತ್ಯದ ಬೆಲೆ ಎಂದರೆ ನಮ್ಮ ಅತ್ತಿಗೆ ಚಪ್ಪಲಿ ಸವೆಸಿ ತಂದ ಬೆಲೆ. ಮಂತ್ರಿಗಳು ಎದೆ ಉಬ್ಬಿಸಿ ಓದುವ ಅಂಕಿ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಈರುಳ್ಳಿ ಹೆಚ್ಚುವ ಹಲಗೆಯ ಪಕ್ಕದಲ್ಲಿ ತಯಾರಾಗುತ್ತದೆ.

ಆ ಪಟ್ಟಿಯ ಕಥೆಯನ್ನಂತೂ ಕೇಳಲೇಬೇಡಿ. ನಲವತ್ತು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ತನ್ನ ಮನೆಯೊಳಗೆ ಕಣ್ಣಾಡಿಸಿ ಬರೆದದ್ದು ಅದು. ಲಾಟೀನು ಒಂದು. ಲಾಟೀನಿನ ಬತ್ತಿ ಒಂದು ಮೊಳ. ಸ್ಟವ್ವಿನ ಪಿನ್ನು, ಮಸಿ ಬಾಟಲಿ, ಸ್ಲೇಟು, ಖಾಲಿ ಕ್ಯಾಸೆಟ್ಟು, ಕ್ಯಾಮೆರಾ ರೋಲು, ಟೈಪ್‌ರೈಟರಿನ ರಿಬ್ಬನ್ನು, ಹತ್ತು ಪದಗಳ ತಂತಿ ಕಳಿಸುವ ಖರ್ಚು. ಗ್ಯಾಸ್ ಸಿಲಿಂಡರ್ ಇಲ್ಲ, ಮನೆ ಬಾಡಿಗೆ ಇಲ್ಲ, ಫೋನಿನ ರೀಚಾರ್ಜ್ ಇಲ್ಲ. ಔಷಧಿಯ ಸಾಲಿನಲ್ಲಿ ತಲೆನೋವಿನ ಮುಲಾಮು ಒಂದೇ ಒಂದು. ಪಟ್ಟಿ ಮಾಡಿದವನಿಗೆ ಬೇರೆ ಕಾಯಿಲೆಯೇ ಇರಲಿಲ್ಲವೇನೋ. ಸಾಮಾನು ಪೇಟೆಯಲ್ಲಿ ಸಿಗದಿದ್ದರೆ ಹಿಂದಿನ ತಿಂಗಳ ಬೆಲೆಯನ್ನೇ ಮತ್ತೆ ಬರೆಯಬೇಕು. ತಂತಿ ಕಚೇರಿ ಬಾಗಿಲು ಹಾಕಿ ಯಾವ ಕಾಲವಾಯಿತೋ, ತಂತಿಯ ಬೆಲೆ ಮಾತ್ರ ಜಪ್ಪಯ್ಯ ಅಂದರೂ ಏರಿಲ್ಲ. ಅರವತ್ತೆರಡರಲ್ಲಿ ಮೂವತ್ತೈದು ಸಾಮಾನುಗಳ ಪಾಡು ಇದೇ. ಮುನ್ನೋಟದಲ್ಲಿ ಮಾತ್ರ ವರ್ಷ ವರ್ಷವೂ ಒಂದೇ ರಾಗ: ಬೆಲೆಗಳು ಹತೋಟಿಯಲ್ಲಿವೆ.

ಲಾಟೀನು ಮಾತ್ರ ನಿಜವಾಗಿಯೂ ಒಂದಿತ್ತು. ಪಾತ್ರೆ ಅಂಗಡಿಯ ಮುದುಕ ಅದನ್ನು ಮೇಲಿನ ಮೊಳೆಗೆ ನೇತುಹಾಕಿದ್ದ. ಮೂವತ್ತು ವರ್ಷದಿಂದ ಅದೇ ಲಾಟೀನು, ಅದೇ ಬೆಲೆ, ನಲವತ್ತೆಂಟು. ಒಮ್ಮೆ ಯಾರೋ ಗಿರಾಕಿ ಅದನ್ನು ಕೇಳಿದ್ದಕ್ಕೆ, "ಕೊಡೋಕಾಗಲ್ಲ ಸ್ವಾಮಿ. ಇದನ್ನ ಮಾರಿಬಿಟ್ರೆ ರೇಟಮ್ಮ ಬಂದಾಗ ಸರ್ಕಾರಕ್ಕೆ ಏನು ತೋರಿಸ್ಲಿ?" ಎಂದನಂತೆ.

"ಅತ್ತಿಗೆ, ನೀನು ಹೋಗೋದು ಪೇಟೆಗೋ ಮ್ಯೂಸಿಯಮ್ಮಿಗೋ?" ಎಂದು ನಾನು ಕೆಣಕುತ್ತಿದ್ದೆ.

"ಕಂಡಿದ್ದನ್ನ ಬರೆಯೋದು ನನ್ನ ಕೆಲಸ ಕಣೇ. ಪಟ್ಟಿ ಮಾಡೋದಲ್ಲ" ಎನ್ನುತ್ತಿದ್ದಳು. ಅಷ್ಟೇ ಅವಳ ಸಿದ್ಧಾಂತ. ಒಂದು ಸಲ ಸಾಬೂನಿನ ಬೆಲೆಯಲ್ಲಿ ಎಂಟಾಣೆ ತಪ್ಪು ಬರೆದೆ ಎಂದು ಅನುಮಾನ ಬಂದು, ಉರಿಬಿಸಿಲಲ್ಲಿ ವಾಪಸ್ಸು ನಡೆದುಹೋಗಿ ಕೇಳಿ ಬಂದವಳು. ಇಪ್ಪತ್ತಾರು ವರ್ಷದ ಸರ್ವಿಸ್ಸಿನಲ್ಲಿ ಒಂದು ಸುಳ್ಳು ಅಂಕಿ ಬರೆದಿಲ್ಲ. ಇಂಥವಳನ್ನು ಕಟ್ಟಿಕೊಂಡು ಇಂಥ ಪಟ್ಟಿ ಇಟ್ಟುಕೊಂಡ ಸರ್ಕಾರದ ಬುದ್ಧಿವಂತಿಕೆಗೆ ಏನು ಹೇಳೋಣ!

ಈ ಅಂಕಿಗೂ ಅಮ್ಮನಿಗೂ ಗಂಟು ಬಿದ್ದದ್ದು ಮಾಸಾಶನದಲ್ಲಿ. ಹಿರಿಯರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಈ ಹಣ, ಬೆಲೆ ಎಷ್ಟು ಏರಿತೋ ಅಷ್ಟೇ ಪ್ರಮಾಣದಲ್ಲಿ ಪ್ರತಿ ಬಜೆಟ್ಟಿಗೆ ಏರುತ್ತದೆ. ಹನ್ನೊಂದು ವರ್ಷದ ಹಿಂದೆ ಅಮ್ಮನಿಗೆ ಐನೂರು ಬರುತ್ತಿತ್ತು, ಈಗ ಐನೂರ ಅರವತ್ತೊಂದು. ಅಮ್ಮನಿಗೆ ಮಂಡಿ ನೋವಿರುವುದರಿಂದ ಅಂಚೆ ಕಚೇರಿಗೆ ಹೋಗಿ ಅದನ್ನು ತಂದುಕೊಡುವುದು ಅತ್ತಿಗೆ. "ಊಟ ಮಗನದು, ಮಾತ್ರೆ ನಂದು" ಎಂಬುದು ಅಮ್ಮನ ಕಟ್ಟಪ್ಪಣೆ. ರಕ್ತದೊತ್ತಡದ್ದು, ಸಕ್ಕರೆಯದ್ದು ಎಲ್ಲ ಮಾತ್ರೆ ಈ ದುಡ್ಡಿನಲ್ಲೇ ಆಗಬೇಕು. ಔಷಧಿ ಅಂಗಡಿ ಎರಡೇ ಮನೆ ಆಚೆ. ಅಲ್ಲಿಗೆ ಮಾತ್ರ ಕೋಲೂರಿಕೊಂಡು ತಾನೇ ಹೋಗುತ್ತಾಳೆ, ಯಾರ ಕೈಗೂ ಚೀಟಿ ಕೊಡುವುದಿಲ್ಲ.

ಬಜೆಟ್ಟಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಹಣೆ ಒಡೆಯಿತು. ಡಾಕ್ಟರಮ್ಮ ಹೊಲಿಗೆ ಹಾಕಿ, ಬಿ.ಪಿ. ನೋಡಿ, ನಮ್ಮಿಬ್ಬರನ್ನೂ ಹೊರಗೆ ಕರೆದರು. "ಇವರು ಮಾತ್ರೆ ಸರಿಯಾಗಿ ತಗೊಳ್ತಿಲ್ಲ. ಹೀಗೇ ಬಿಟ್ರೆ ಒಂದಿನ ಕೈಕಾಲು ಬಿದ್ದುಹೋಗುತ್ತೆ. ಆಮೇಲೆ ನನ್ನ ಹತ್ರ ಓಡಿ ಬಂದು ಪ್ರಯೋಜನ ಇಲ್ಲ" ಎಂದರು.

ಮನೆಗೆ ಬಂದವಳೇ ಅತ್ತಿಗೆ ಅಮ್ಮನ ಡಬ್ಬಿ ತೆಗೆದು ಎಣಿಸಿದಳು. ಎಣಿಸುವುದು ಅವಳಿಗೆ ಉಸಿರಾಡಿದ ಹಾಗೆ. ತಿಂಗಳ ಕೊನೆ, ಡಬ್ಬಿ ಬರಿದಾಗಿರಬೇಕಿತ್ತು. ಒಳಗೆ ನೋಡಿದರೆ ಬರೀ ತುಂಡುಗಳು. ಪ್ರತಿಯೊಂದು ಮಾತ್ರೆಯನ್ನೂ ನೀಟಾಗಿ ನಡುವೆ ಕತ್ತರಿಸಿ ಇಟ್ಟಿದ್ದಳು, ನನ್ನದೇ ಕತ್ತರಿಯಿಂದ.

"ಏನಮ್ಮಾ ಇದು?" ಎಂದು ಕಿರುಚಿದೆ.

"ಏನಿಲ್ಲ. ದಪ್ಪ ಮಾತ್ರೆ, ಗಂಟಲಲ್ಲಿ ಇಳಿಯಲ್ಲ."

"ಸುಳ್ಳು ಹೇಳ್ಬೇಡ!"

ಅತ್ತಿಗೆ ನನ್ನ ತೋಳು ಹಿಡಿದು ಸುಮ್ಮನಾಗಿಸಿದಳು. "ಅತ್ತೆ, ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತೆ?" ಎಂದು ಕೇಳಿದಳು, ಅಂಗಡಿಯಲ್ಲಿ ಕೇಳುವ ದನಿಯಲ್ಲೇ.

"ಏಳುನೂರ ಎಂಬತ್ತು."

"ಮೊದಲು ಎಷ್ಟಿತ್ತು?"

"ನೀನು ಮೊದಲ ಸಲ ಮಾಸಾಶನ ತಂದುಕೊಟ್ಯಲ್ಲ, ಆವಾಗ ಇನ್ನೂರ ಹತ್ತು. ಉಳಿದಿದ್ದರಲ್ಲಿ ನಿಮಗೆಲ್ಲ ಬಟ್ಟೆಗೆ ದುಡ್ಡು ಕೊಟ್ಟಿದ್ದೆ, ನೆನಪಿದ್ಯಾ?" ಅಮ್ಮ ನಕ್ಕಳು. ಹಣೆಯ ಮೇಲೆ ಪಟ್ಟಿ, ಬಾಯಲ್ಲಿ ನಗು! "ಅರ್ಧ ತಗೊಂಡ್ರೆ ಅರ್ಧ ಕಾಯಿಲೆ ಹೋಗುತ್ತೆ. ಉಳಿದರ್ಧಾನ ಬಜೆಟ್ಟು ಬಂದ್ಮೇಲೆ ನೋಡ್ಕೊಳ್ಳೋಣ. ಈ ಸಲ ಏರುತ್ತಂತೆ."

ದುಡ್ಡು ನಾವು ಕೊಡುತ್ತೇವೆ ಎಂದು ಅತ್ತಿಗೆ ಅಂಗಲಾಚಿದಳು. ನಾನು ಜಗಳವಾಡಿದೆ. ಅಣ್ಣ ಕೂಡ ಬಾಯಿ ಬಿಟ್ಟು "ತಗೋಮ್ಮಾ" ಎಂದ. ಅಮ್ಮ ಜಗ್ಗಲಿಲ್ಲ. "ನನ್ನ ಕಾಯಿಲೆಗೆ ನಿಮ್ಮ ಮುಂದೆ ಕೈ ಒಡ್ಡೋ ದಿನ ಬಂದ್ರೆ ಅವತ್ತು ಮಾತ್ರೆನೇ ಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ನನಗೆ ಪಿತ್ತ ನೆತ್ತಿಗೇರಿತ್ತು. ಅಡುಗೆಮನೆಗೆ ಹೋಗಿ ಅತ್ತಿಗೆಯ ಮೇಲೆ ಹರಿಹಾಯ್ದೆ. "ಏರುತ್ತಂತೆ! ಎಲ್ಲಿಂದ ಏರುತ್ತೆ? ನಿನ್ನ ಲಾಟೀನು ನಲವತ್ತೆಂಟಕ್ಕೆ ನೇತಾಡ್ತಿರೋವರೆಗೂ ಅಮ್ಮ ಮಾತ್ರೆ ಕತ್ತರಿಸ್ತಾನೇ ಇರ್ಬೇಕು. ಕಂಡಿದ್ದನ್ನ ಬರೀತಾಳಂತೆ, ಕಂಡಿದ್ದನ್ನ!" ಹಾಗೆ ಅನ್ನಬಾರದಿತ್ತು. ಅವಳ ಮುಖ ಬಿಳಿಚಿಕೊಂಡಿತು. ಅವಳು ಕಪಾಟಿನಿಂದ ಇಲಾಖೆಯ ಸೂಚನಾ ಪುಸ್ತಕ ತೆಗೆದು ಕೂತಳು. ಅದರ ರಟ್ಟು ಕಿತ್ತುಹೋಗಿ ಯಾವ ಕಾಲವಾಗಿತ್ತೋ. ನಾನು ಹೋಗಿ ಮೆಷಿನ್ನಿನ ಮುಂದೆ ಕೂತು ದಾರ ತುಂಡು ಮಾಡುತ್ತ ಕಣ್ಣೀರಿಟ್ಟೆ.

ಸಂಜೆಗೆ ಅವಳೇ ಬಂದು ಪುಸ್ತಕವನ್ನು ನನ್ನ ಮುಂದೆ ಹಿಡಿದಳು. ಹದಿನಾಲ್ಕನೇ ನಿಯಮ. ಪಟ್ಟಿಯ ಸಾಮಾನು ಪೇಟೆಯ ಯಾವುದೇ ಅಂಗಡಿಯಲ್ಲಿ ದೊರೆತರೂ ಅಲ್ಲಿ ಗಿರಾಕಿ ಕೊಡುವ ಬೆಲೆಯನ್ನೇ ಬರೆಯತಕ್ಕದ್ದು. ಎಲ್ಲಿಯೂ ದೊರೆಯದಿದ್ದರೆ ಮಾತ್ರ ಹಿಂದಿನ ಬೆಲೆಯನ್ನು ಮುಂದುವರಿಸತಕ್ಕದ್ದು.

"ಯಾವುದೇ ಅಂಗಡಿ ಅಂತಿದೆ" ಎಂದಳು. "ನಾನು ಇಷ್ಟು ವರ್ಷ ಹಿಂದಿನವರು ತೋರಿಸಿಕೊಟ್ಟ ಒಂಬತ್ತು ಅಂಗಡೀನೇ ಸುತ್ತಿದ್ದೀನಿ. ತಪ್ಪು ನಂದೇ. ಆ ಮುದುಕ ಲಾಟೀನನ್ನ ಮಾರೋದೇ ಇಲ್ಲ, ಹಾಗಿದ್ಮೇಲೆ ಆ ನಲವತ್ತೆಂಟು ಗಿರಾಕಿ ಕೊಡೋ ಬೆಲೆ ಅಲ್ಲ. ನಾಳೆ ನೀನೂ ಬಾ."

ಹೋದೆವು. ಅಬ್ಬಬ್ಬಾ, ಸತ್ತಿವೆ ಎಂದುಕೊಂಡಿದ್ದ ಸಾಮಾನುಗಳೆಲ್ಲ ಎಂಥೆಂಥ ಜಾಗದಲ್ಲಿ ಮೆರೆಯುತ್ತಿದ್ದವು ಗೊತ್ತೇ! ದೊಡ್ಡ ರಸ್ತೆಯಲ್ಲಿ ಹೋಟೆಲಿನವರಿಗೆ ಅಲಂಕಾರದ ಹಳೆ ಸಾಮಾನು ಮಾರುವ ಅಂಗಡಿ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಲಾಟೀನು, ಬೆಲೆ ನಾಲ್ಕು ಸಾವಿರದ ಇನ್ನೂರು. ಮೇಣದ ಬತ್ತಿಯ ಶೋಕಿ ಅಂಗಡಿಯಲ್ಲಿ ಲಾಟೀನಿನ ಬತ್ತಿ, ಮೊಳಕ್ಕೆ ನೂರಿಪ್ಪತ್ತು. ಉಡುಗೊರೆ ಅಂಗಡಿಯಲ್ಲಿ ಮಸಿ ಬಾಟಲಿಗೆ ಮರದ ಪೆಟ್ಟಿಗೆ ಹಾಕಿ ಆರುನೂರ ಐವತ್ತು. ಕ್ಯಾಮೆರಾ ರೋಲು ಒಂಬೈನೂರು. ಕಾಫಿ ಅಂಗಡಿಗಳು ದರದ ಫಲಕ ಬರೆಯಲು ಸ್ಲೇಟು ಕೊಳ್ಳುತ್ತವಂತೆ, ಐನೂರ ಐವತ್ತು. ಇನ್ನೊಬ್ಬ ಹುಟ್ಟಿದ ದಿನಕ್ಕೆ ಹಳೇ ಕಾಲದ ಹಾಗೆ ತಂತಿ ಕಳಿಸಿಕೊಡುತ್ತೇನೆ ಎಂದು ಬೋರ್ಡು ಹಾಕಿಕೊಂಡಿದ್ದ. ಹತ್ತು ಪದಕ್ಕೆ ಮುನ್ನೂರ ಐವತ್ತು. ಅತ್ತಿಗೆ ಒಂದೊಂದಕ್ಕೂ ಬೆಲೆ ಚೀಟಿಯ ಫೋಟೋ ತೆಗೆದಳು, ಅಂಗಡಿಯವರ ಸಹಿ ಹಾಕಿಸಿಕೊಂಡಳು. ಮೂರು ದಿನಕ್ಕೆ ಮೂವತ್ತೈದರಲ್ಲಿ ಹತ್ತೊಂಬತ್ತು ಸಾಮಾನು ಎದ್ದು ಕೂತವು. ತಮಾಷೆ ನೋಡಿ, ಅವಳು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಫಾರಂ ಕಚೇರಿಗೆ ಹೋದ ಐದನೇ ದಿನ ನಮ್ಮ ಬಾಗಿಲಿಗೆ ಜೀಪು ಬಂತು. ಇಳಿದವರು ಅತ್ತಿಗೆಯ ಮೇಲಧಿಕಾರಿ, ಉಪನಿರ್ದೇಶಕರು. ಕೂರಲು ಜಾಗವಿಲ್ಲದೆ ನನ್ನ ಮೆಷಿನ್ನಿನ ಸ್ಟೂಲಿನ ಮೇಲೆ ಕೂತರು. ಸುತ್ತ ಹದಿನೆಂಟು ಚಡ್ಡಿಗಳು ನೇತಾಡುತ್ತಿದ್ದವು.

"ಏನಮ್ಮಾ ಇದು, ಲಾಟೀನು ನಾಲ್ಕು ಸಾವಿರದ ಇನ್ನೂರು?"

"ಹೌದು ಸಾರ್. ಫೋಟೋ ಇದೆ."

"ಅದು ಅಲಂಕಾರದ್ದು ಕಣಮ್ಮಾ!"

"ಪಟ್ಟಿಯಲ್ಲಿ 'ಲಾಟೀನು, ಒಂದು' ಅಂತಷ್ಟೇ ಇದೆ ಸಾರ್. ಹಚ್ಚೋಕೋ ನೇತುಹಾಕೋಕೋ ಅಂತ ಬರೆದಿಲ್ಲ."

ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಇಡೀ ಪ್ರಾಂತ್ಯದಲ್ಲಿ ಒಂದೇ ತಿಂಗಳಲ್ಲಿ ಬೆಲೆ ನೂರಕ್ಕೆ ಮೂವತ್ತೆಂಟು ಏರಿದೆ ಅಂತ ಬರ್ತಿದೆ. ಮುನ್ನೋಟ ಆಗಲೇ ಅಚ್ಚಿಗೆ ಹೋಗಿದೆ. 'ಹತೋಟಿಯಲ್ಲಿದೆ' ಅಂತ ಅಚ್ಚಾಗಿ ಕೂತಿದೆ. ನಾನು ಏನು ಮಾಡ್ಲಿ?"

"ನಾನು ತಪ್ಪು ಬರೆದಿದ್ರೆ ಹೇಳಿ ಸಾರ್, ತಿದ್ತೀನಿ."

"ತಪ್ಪಿಲ್ಲ. ತಪ್ಪಿದ್ದಿದ್ರೆ ಸುಲಭ ಆಗಿರೋದು" ಎಂದು ನಿಟ್ಟುಸಿರು ಬಿಟ್ಟರು. ಕೆಟ್ಟ ಮನುಷ್ಯರೇನಲ್ಲ. ನಾನು ಕೊಟ್ಟ ಚಹಾ ಪೂರ್ತಿ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಎದ್ದು ಹೋದರು.

ಅವರು ಹೋದ ಮೇಲೆ 'ಮೂವತ್ತೆಂಟು' ಎಂಬ ಮಾತು ನನ್ನ ತಲೆಯಲ್ಲಿ ಕುಣಿಯತೊಡಗಿತು. ಅತ್ತಿಗೆ ಆಗಲೇ ಲೆಕ್ಕ ಹಾಕಿದ್ದಳು. "ಐನೂರ ಅರವತ್ತೊಂದು ಏಳುನೂರ ಎಪ್ಪತ್ನಾಲ್ಕು ಆಗುತ್ತೆ. ಮಾತ್ರೆಗೆ ಆರು ರೂಪಾಯಿ ಕಡಿಮೆ ಬೀಳುತ್ತೆ, ಅಷ್ಟೇ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಇಪ್ಪತ್ತು ದಿನ ಮನೆಯಲ್ಲಿ ಬಜೆಟ್ಟಿನದ್ದೇ ಜಪ.

ಬಜೆಟ್ಟಿನ ದಿನ ಅಣ್ಣ ರಜೆ ಹಾಕಿದ. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ ನಾಲ್ಕೂ ಜನ ಟಿ.ವಿ. ಮುಂದೆ ಕೂತೆವು. ಹಣಕಾಸು ಮಂತ್ರಿಗಳು ಎರಡು ಲೋಟ ನೀರು ಕುಡಿದರು, ನಾಲ್ಕು ಸಲ ಮೇಜು ಕುಟ್ಟಿಸಿಕೊಂಡರು. ಪ್ರಾಂತ್ಯದ ಭವಿಷ್ಯ ಉಜ್ವಲವಾಗಿದೆ ಎಂದರು. ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದರು. ನಾನು ನನ್ನ ಕೈ ನೋಡಿಕೊಂಡೆ, ಸೂಜಿ ಚುಚ್ಚಿದ ಗುರುತು ಬಿಟ್ಟರೆ ಏನೂ ಓಡಾಡುತ್ತಿರಲಿಲ್ಲ. ಆಮೇಲೆ, "ಬೆಲೆ ಏರಿಕೆಯನ್ನು ನಮ್ಮ ಸರ್ಕಾರ ಶೇಕಡಾ ಒಂದೂಕಾಲಕ್ಕೆ ಕಟ್ಟಿಹಾಕಿದೆ, ಹಿರಿಯರ ಮಾಸಾಶನವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಲು ಹರ್ಷಿಸುತ್ತೇನೆ" ಎಂದರು. ಸದಸ್ಯರು ಧಡಧಡ ಮೇಜು ಕುಟ್ಟಿದರು.

"ಎಷ್ಟಂತೆ?" ಎಂದಳು ಅಮ್ಮ. ಅವಳಿಗೆ ಕಿವಿ ಸ್ವಲ್ಪ ಮಂದ.

"ಹೆಚ್ಚು ಮಾಡಿದ್ದಾರೆ ಅತ್ತೆ. ಎಷ್ಟು ಅಂತ ಅಂಚೆ ಕಚೇರೀಲಿ ಹೇಳ್ತಾರೆ" ಎಂದು ಅತ್ತಿಗೆ ಎದ್ದು ಹೋದಳು.

ಮಾರನೇ ದಿನ ಕಚೇರಿಯಲ್ಲಿ ಫೈಲು ತೆಗೆಸಿ ನೋಡಿದಳು. ಅವಳ ಫಾರಂ ಅಲ್ಲೇ ಇತ್ತು, ಫೋಟೋ ಸಮೇತ. ಅದರ ಮೇಲೊಂದು ಚೀಟಿ: ಬೆಲೆ ಸಂಗ್ರಹಿಸುವವರು ಸದರಿ ತಿಂಗಳು ಹದಿನೈದು ದಿನ ಗಳಿಕೆ ರಜೆಯ ಮೇಲಿದ್ದ ಕಾರಣ ಹಿಂದಿನ ತಿಂಗಳ ಬೆಲೆಯನ್ನೇ ಮುಂದುವರಿಸಲಾಗಿದೆ. ರಜೆ ಮಂಜೂರಾಗಿತ್ತು. ಅವಳು ಅರ್ಜಿ ಹಾಕದ ರಜೆ! ಅಲ್ಲಾ ಸ್ವಾಮಿ, ಜ್ವರ ಬಂದಾಗ ಅವಳು ಕೇಳಿದ ರಜೆಯನ್ನು ಮೂರು ಸಲ ವಾಪಸ್ಸು ಕಳಿಸಿದ ಕಚೇರಿ ಅದು.

ಆ ತಿಂಗಳ ಮಾಸಾಶನ ತರಲು ಅವಳು ಹೋದ ದಿನ ನಾನು ಕಾಲರಿಗೆ ಹೊಲಿಗೆ ಹಾಕುತ್ತಿದ್ದೆ. ಬಂದಳು. ಚಪ್ಪಲಿ ಬಿಟ್ಟು ನೇರ ಅಮ್ಮನ ಮಂಚದ ಹತ್ತಿರ ಹೋಗಿ ನೋಟು ಎಣಿಸಿದಳು. "ತಗೊಳ್ಳಿ ಅತ್ತೆ. ಎಂಟುನೂರ ಒಂದು. ಇನ್ನೂರ ನಲವತ್ತು ಹೆಚ್ಚಾಗಿದೆ."

ನನ್ನ ಕಾಲು ಮೆಷಿನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಒಂದೂಕಾಲು ಎಂದರೆ ಏಳು ರೂಪಾಯಿ. ಅಷ್ಟು ಲೆಕ್ಕ ನನಗೂ ಬರುತ್ತದೆ. ಅತ್ತಿಗೆ ನನ್ನ ಕಡೆ ನೋಡಲೇ ಇಲ್ಲ. ಅವಳ ಕಿವಿ ಕೆಂಪಗಾಗಿತ್ತು. ಮೊದಲ ಸಲ ಸುಳ್ಳು ಅಂಕಿ ಹೇಳಿದ್ದಳಲ್ಲ, ಪಾಪ, ಅಭ್ಯಾಸವಿಲ್ಲ.

ಅಮ್ಮ ಅವತ್ತೇ ಹೋಗಿ ತಿಂಗಳ ಮಾತ್ರೆ ಪೂರ್ತಿ ತಂದಳು. ಕತ್ತರಿ ಕೇಳಲಿಲ್ಲ. ಮೂರು ವಾರದಲ್ಲಿ ಬಿ.ಪಿ. ಇಳಿಯಿತು, ಮುಖಕ್ಕೆ ಕಳೆ ಬಂತು. ಅದು ಸರಿ, ಆದರೆ ಬಾಯಿ? "ಆ ಮಂತ್ರಿ ಮುಖ ನೋಡಿದ್ರೇನೇ ಗೊತ್ತಾಗುತ್ತೆ ಕಣೇ, ತಾಯಿ ಮೇಲೆ ಪ್ರೀತಿ ಇರೋನು. ನೀವೆಲ್ಲ ಸುಮ್ನೆ ಬೈತೀರ" ಎನ್ನುತ್ತಿದ್ದಳು. ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿರುತ್ತಿದ್ದೆ. ಜಗಲಿಯಲ್ಲಿ ಕೂತು ಬರುವವರಿಗೆ, ಹೋಗುವವರಿಗೆ ಅದೇ ಪುರಾಣ. ಬೀದಿಯ ಮುದುಕ ಮುದುಕಿಯರು ಅಂಚೆ ಕಚೇರಿಗೆ ಹೋಗಿ ಗುಮಾಸ್ತನ ಜೊತೆ ಜಗಳಕ್ಕೆ ನಿಂತರು: ರೇಟಮ್ಮನ ಅತ್ತೆಗೆ ಇನ್ನೂರ ನಲವತ್ತು ಏರಿದೆ, ನಮಗ್ಯಾಕೆ ಏಳು?

ಈ ಸುದ್ದಿ ಸುತ್ತಿ ಸುತ್ತಿ ಹೋಗಿ ಮುಟ್ಟಿದ್ದು ಸರ್ಕಾರದ ಪ್ರಚಾರ ಕಚೇರಿಯನ್ನು. ಅವರಿಗೋ, ಬಜೆಟ್ಟಿನಿಂದ ಸಂತೋಷಪಟ್ಟ ಒಬ್ಬ ಹಿರಿಯರ ಚಿತ್ರ ತೆಗೆಯಬೇಕೆಂದು ಅಪ್ಪಣೆಯಾಗಿತ್ತು, ಮೂರು ವಾರ ಹುಡುಕಿದರೂ ಒಬ್ಬರೂ ಸಿಕ್ಕಿರಲಿಲ್ಲ. ಇಲ್ಲೊಬ್ಬಳು ಮುದುಕಿ ಮಂತ್ರಿಗಳನ್ನು ಬಾಯಿ ತುಂಬ ಹೊಗಳುತ್ತಿದ್ದಾಳೆ ಎಂದರೆ ಬಿಟ್ಟಾರೆಯೇ? ಕ್ಯಾಮೆರಾ ಹೊತ್ತುಕೊಂಡು ಒಂದು ಮಧ್ಯಾಹ್ನ ಬಂದೇಬಿಟ್ಟರು. ಜೊತೆಯಲ್ಲಿ ಅಂಕಿ ಅಂಶಕ್ಕೆಂದು ಉಪನಿರ್ದೇಶಕರು. ಅವರಿಗೆ ಮತ್ತೆ ಅದೇ ಸ್ಟೂಲು.

ಅಮ್ಮ ತಲೆ ಬಾಚಿಕೊಂಡು ಕೂತಳು. ಪ್ರಚಾರದವನು ಕೇಳಿದ: "ಅಜ್ಜೀ, ಮೊದಲು ಎಷ್ಟು ಬರ್ತಿತ್ತು, ಈಗ ಎಷ್ಟು?"

"ಐನೂರ ಅರವತ್ತೊಂದು ಬರ್ತಿತ್ತಪ್ಪ. ಈಗ ಎಂಟುನೂರ ಒಂದು."

ಉಪನಿರ್ದೇಶಕರ ಕೈಯಲ್ಲಿದ್ದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. "ಏ, ನಿಲ್ಲಿಸ್ರೀ! ಐನೂರ ಅರವತ್ತೆಂಟು ಇರ್ಬೇಕು!"

"ಇರ್ಲಿ ಬಿಡಿ ಸಾರ್, ಇನ್ನೂರ ನಲವತ್ತು ಅಂದ್ರೆ ಕೇಳೋಕೆ ಚೆನ್ನಾಗಿದೆ" ಎಂದ ಪ್ರಚಾರದವನು.

"ಏನ್ರೀ ಚೆನ್ನಾಗಿರೋದು? ಅಷ್ಟು ನಾವು ಕೊಟ್ಟೇ ಇಲ್ಲ! ಎಂಟು ಲಕ್ಷ ಜನ ನಮಗೂ ಕೊಡಿ ಅಂತ ಬಂದು ಕೂತ್ರೆ?" ಅವರು ಫೋನು ತೆಗೆದರು. "ಇದು ಅಂಚೆ ಕೌಂಟರಿನವನ ಕಿತಾಪತಿ. ಹೆಚ್ಚು ಹಣ ಕೊಟ್ಟಿದ್ದಾನೆ. ಇವತ್ತೇ ಅವನನ್ನ ಸಸ್ಪೆಂಡ್ ಮಾಡಿಸ್ತೀನಿ."

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದವಳು ಮುಂದೆ ಬಂದಳು. ಅವಳು ಅಮ್ಮನನ್ನು ಒಂದು ಸಲ ನೋಡಿದ ರೀತಿ ನನಗೆ ಈಗಲೂ ಮರೆಯಲಾಗುವುದಿಲ್ಲ. ಹೇಳಿದರೆ ಅಮ್ಮ ಮತ್ತೆ ಮಾತ್ರೆ ಮುಟ್ಟುವುದಿಲ್ಲ, ಹೇಳದಿದ್ದರೆ ಏನೂ ಅರಿಯದ ಗುಮಾಸ್ತನ ಹೊಟ್ಟೆಯ ಮೇಲೆ ಕಲ್ಲು.

"ಗುಮಾಸ್ತರದ್ದು ಏನೂ ತಪ್ಪಿಲ್ಲ ಸಾರ್" ಎಂದಳು. "ಏಳು ರೂಪಾಯಿ ಸರ್ಕಾರದ್ದು. ಇನ್ನೂರ ಮೂವತ್ಮೂರು ನಂದು."

ಅಮ್ಮ ಸೊಸೆಯ ಮುಖವನ್ನೇ ನೋಡುತ್ತ ಕೂತಳು. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ ನಾನು. ಆಮೇಲೆ ಅಮ್ಮ ಕ್ಯಾಮೆರಾದ ಕಡೆ ತಿರುಗಿದಳು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

"ಹಾಗಾದ್ರೆ ಸರಿಯಾಗಿ ಬರ್ಕೊಳ್ರಪ್ಪಾ" ಎಂದಳು. "ಸರ್ಕಾರ ಕೊಟ್ಟಿದ್ದು ಏಳು. ಏಳು! ನನ್ನ ಜೀವ ಉಳಿಸಿದ್ದು ಸೊಸೆ. ಆ ಮಂತ್ರಿಗೆ ಹೇಳಿ, ನಾನು ಹೊಗಳಿದ್ದೆಲ್ಲ ವಾಪಸ್ಸು ತಗೊಂಡಿದ್ದೀನಿ."

ಆ ಚಿತ್ರ ಹದಿನೈದು ದಿನಕ್ಕೆ ಟಿ.ವಿ.ಯಲ್ಲಿ ಬಂತು. ಅಮ್ಮನ ಮಾತಿನ ಜಾಗದಲ್ಲಿ ಕೊಳಲು. ತುಟಿ ಅಲ್ಲಾಡುತ್ತದೆ, ಬೆರಳು ಎತ್ತಿ ಏನೋ ಹೇಳುತ್ತಾಳೆ, ಕೆಳಗೆ 'ಹಿರಿಯ ಜೀವದ ಹಾರೈಕೆ' ಎಂಬ ಸಾಲು. ಅಮ್ಮ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀದಿಯವರು ಬಂದು ಬಂದು, ಅಜ್ಜಿ ಎಷ್ಟು ಚೆನ್ನಾಗಿ ಹರಸಿದ್ದಾರೆ ಎಂದರು.

ಅದು ಆಮೇಲಿನ ಮಾತು. ಅವತ್ತು ಜೀಪು ಹೋದ ಮೇಲೆ ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಆ ತಿಂಗಳ ಫಾರಂ ಹರವಿಕೊಂಡಿದ್ದಳು, ಬರೆಯುತ್ತಿರಲಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ನಿಧಾನ ನಡೆದು ಬಂದು ಅವಳ ಎದುರು ಕೂತಳು.

"ಮುಖ ಪರಿಚಯ ಇಲ್ಲದ ಮಂತ್ರಿ ಹತ್ರ ತಿಂಗಳು ತಿಂಗಳು ಕೈ ಒಡ್ಡೋಕೆ ನಂಗೆ ನಾಚಿಕೆ ಆಗಲಿಲ್ಲ" ಎಂದಳು. "ನನ್ನನ್ನ ಬಚ್ಚಲಿಂದ ಎತ್ತಿಕೊಂಡು ಬಂದವಳ ಹತ್ರ ನಾಚಿಕೆ ಆಯ್ತು. ನಂಗೆ ಬುದ್ಧಿ ಇಲ್ಲ ಕಣೇ."

ಅತ್ತಿಗೆಯ ಕಣ್ಣಿಂದ ನೀರು ಫಾರಂ ಮೇಲೆ ಬಿತ್ತು. ಅಮ್ಮ ಅದನ್ನು ಅಂಗೈಯಿಂದ ಒರೆಸಿ, ಅಂಕಿಗಳ ಮೇಲೆ ಬೆರಳಾಡಿಸಿ, "ಇದರಲ್ಲಿ ನನ್ನ ಮಾತ್ರೆ ಎಲ್ಲಿದೆ?" ಎಂದು ಕೇಳಿದಳು.

"ಇಲ್ಲ ಅತ್ತೆ. ಪಟ್ಟಿಯಲ್ಲಿ ಇಲ್ಲ."

"ದಿನಾ ನುಂಗೋ ಮಾತ್ರೆ ಇಲ್ವಾ? ಬರಿ ಮತ್ತೆ. ಕಂಡಿದ್ದನ್ನ ಬರೀತೀಯಲ್ಲ, ಇದು ಕಾಣ್ಸಲ್ವಾ ನಿಂಗೆ?"

ಅತ್ತಿಗೆ ಪೆನ್ಸಿಲ್ಲು ಎತ್ತಿಕೊಂಡಳು. ಆಮೇಲೆ ಅರವತ್ತೆರಡರ ಕೆಳಗೆ, ಗೆರೆಯಿಲ್ಲದ ಜಾಗದಲ್ಲಿ, ಅರವತ್ಮೂರು ಎಂದು ಹಾಕಿ ಮಾತ್ರೆಯ ಹೆಸರು ಬರೆದಳು, ಬೆಲೆ ಬರೆದಳು, ಅಂಗಡಿಯ ರಸೀದಿ ಲಗತ್ತಿಸಿದಳು. ಕಚೇರಿಯವರು ಅದಕ್ಕೆ ಕೆಂಪು ಗೆರೆ ಎಳೆದು 'ಪಟ್ಟಿಯಲ್ಲಿಲ್ಲ' ಎಂದು ವಾಪಸ್ಸು ಕಳಿಸಿದರು. ಮುಂದಿನ ತಿಂಗಳು ಮತ್ತೆ ಬರೆದಳು, ಮತ್ತೆ ಗೆರೆ ಬಂತು. ಈಗ ಒಂದು ವರ್ಷದಿಂದ ಹೀಗೇ ನಡೆದಿದೆ. ಎರಡು ಸಲ ನೋಟಿಸು ಬಂದಿದೆ, ಒಂದು ಸಲ ಸಂಬಳದ ಬಡ್ತಿ ತಡೆಹಿಡಿದಿದ್ದಾರೆ. ಅವಳು ಬಿಟ್ಟಿಲ್ಲ. ಅಮ್ಮನೂ ಪೂರ್ತಿ ಮಾತ್ರೆ ನುಂಗುವುದನ್ನು ಬಿಟ್ಟಿಲ್ಲ. ತಿಂಗಳ ಮೊದಲ ದಿನ ಸೊಸೆಯ ಮುಂದೆ ಕೈ ಒಡ್ಡಿ, "ತಾರೇ, ನನ್ನ ದುಡ್ಡು" ಎನ್ನುತ್ತಾಳೆ. ಹೋದ ತಿಂಗಳು ಮಾತ್ರೆಯ ಬೆಲೆ ಎಂಟುನೂರ ಹನ್ನೆರಡು.